ಕ್ಯಾರಿಯರ್ ಇಲ್ಲದ ಸೈಕಲ್, ಮೇಲುಕೋಟೆಯ ದಾರಿ

ಮೈಸೂರಿನಿಂದ ಮೇಲುಕೋಟೆಗೆ ಐವತ್ತು ಕಿಲೋಮೀಟರಿನ ಆಸುಪಾಸು. ಬಸ್ಸಿನಲ್ಲಿ ಹೋದರೆ ಒಂದು ಕೋಳಿನಿದ್ದೆ ಮುಗಿಯುವಷ್ಟರಲ್ಲಿ ಬೆಟ್ಟ ಕಾಣುತ್ತದೆ. ಸೈಕಲ್ಲಿನಲ್ಲಿ ಹೋದರೆ ಒಂದು ದಿನ ಬೇಕು. ರಾತ್ರಿ ಅಲ್ಲೇ ತಂಗಿ ಮರುದಿನ ಹಿಂದಿರುಗಬೇಕು. ಎರಡು ದಿನ ಎಂದ ಕೂಡಲೇ ಬಟ್ಟೆ, ಹೊದಿಕೆ, ತಿಂಡಿ, ನೀರು, ಪಂಪು, ಔಷಧಿ ಎಂದು ಪಟ್ಟಿ ಬೆಳೆಯುತ್ತದೆ. ಇಷ್ಟನ್ನೂ ಎಲ್ಲಿ ಇಡುವುದು? ಸೈಕಲ್ ಪ್ರವಾಸದ ಅರ್ಧ ಸುಖದುಃಖ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ.

ನನ್ನ ಕಾಲದವರಿಗೆ ಉತ್ತರ ಸುಲಭವಾಗಿತ್ತು. ಸೈಕಲ್ ಎಂದರೆ ಹಿಂದೆ ಕ್ಯಾರಿಯರ್ ಇದ್ದೇ ಇರುತ್ತಿತ್ತು. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಗಿರಣಿಗೆ ಹೋಗುವ ರಾಗಿ ಮೂಟೆ, ಶಾಲೆಗೆ ಹೋಗುವ ತಂಗಿ ಎಲ್ಲರೂ ಅದರ ಮೇಲೆಯೇ ಸವಾರಿ ಮಾಡಿದವರು. ಕಟ್ಟಲು ಹಳೆಯ ಟ್ಯೂಬಿನ ಪಟ್ಟಿ ಇದ್ದರೆ ಆಯಿತು. ಈಗ ಎಂಟನೇ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳ ಸೈಕಲ್ಲು ನೋಡಿ. ಗೇರು ಇದೆ, ದಪ್ಪ ಟೈರು ಇದೆ, ಬಣ್ಣ ಇದೆ, ಕ್ಯಾರಿಯರ್ ಇಲ್ಲ. ಅದನ್ನು ಕೂರಿಸಲು ಫ್ರೇಮಿನಲ್ಲಿ ತೂತೂ ಇಲ್ಲ. "ತಾತ, ಇದರಲ್ಲಿ ಮೇಲುಕೋಟೆಗೆ ಹೋಗೋಣ" ಎಂದು ಅವಳು ಬೇಸಿಗೆಯಿಂದ ಹಟ ಹಿಡಿದಿದ್ದಳು.

ಅವಳ ಅಮ್ಮ, ಅಂದರೆ ನನ್ನ ಮಗಳು, ಸುಮ್ಮನೆ ಒಪ್ಪುವವಳಲ್ಲ. "ಅಪ್ಪ, ನಿಮಗೆ ಎಪ್ಪತ್ತಮೂರು. ನೀವಾಗಲಿ ಅವಳಾಗಲಿ ಬೆನ್ನಿಗೆ ಒಂದು ಗ್ರಾಂ ಕೂಡ ಹಾಕಿಕೊಳ್ಳಬಾರದು. ಹ್ಯಾಂಡಲ್ಲಿಗೆ ಏನೂ ತೂಗಾಡಬಾರದು. ಪಾಂಡವಪುರದಲ್ಲಿ ನಿಂತು ವಿಡಿಯೋ ಕರೆ ಮಾಡಿ. ಒಂದೇ ಒಂದು ಪಟ್ಟಿ ಸಡಿಲವಾಗಿದ್ದರೂ ಅಲ್ಲಿಂದಲೇ ವಾಪಸ್ಸು" ಎಂದಳು. ಅವಳ ಭಯಕ್ಕೆ ಕಾರಣವಿತ್ತು. ನಾನು ಬ್ಯಾಂಕಿನಲ್ಲಿದ್ದಾಗ ಸಹೋದ್ಯೋಗಿಯೊಬ್ಬರು ಹ್ಯಾಂಡಲ್ಲಿಗೆ ಕೈಚೀಲ ತಗುಲಿಹಾಕಿಕೊಂಡು ಸಂತೆಯಿಂದ ಬರುತ್ತಿದ್ದರು. ಚೀಲದ ಹಿಡಿ ಮುಂದಿನ ಚಕ್ರದ ಕಡ್ಡಿಗಳಿಗೆ ಸಿಕ್ಕಿ, ಚಕ್ರ ಗಕ್ಕನೆ ನಿಂತು, ಅವರು ಹ್ಯಾಂಡಲ್ ದಾಟಿ ಹೋಗಿ ಬಿದ್ದರು. ಹೆಗಲಿನ ಮೂಳೆ ಮುರಿಯಿತು. ಆಗ ಮಗಳು ಚಿಕ್ಕವಳು. ಅವರನ್ನು ಆಸ್ಪತ್ರೆಯಲ್ಲಿ ನೋಡಿದ್ದು ಅವಳು ಮರೆತಿಲ್ಲ.

ಹಾಗಾಗಿ ಚೀಲ ಸರಿಯಾದರೆ ಮೇಲುಕೋಟೆ, ಇಲ್ಲವಾದರೆ ಪಾಂಡವಪುರದಿಂದ ಮರಳಿ ಮನೆ. ಮೊಮ್ಮಗಳು ಕ್ಯಾಲೆಂಡರಿನಲ್ಲಿ ವಿಜಯದಶಮಿಯ ಮರುದಿನಕ್ಕೆ ಸುತ್ತು ಹಾಕಿದಳು. ನಮಗೆ ಉಳಿದದ್ದು ಮೂರು ವಾರ.

ನಮಗಿಂತ ಮೊದಲು ಹೋದವರು

ಮಕ್ಕಳೇ, ಕ್ಯಾರಿಯರ್ ಇಲ್ಲದೆ ಸೈಕಲ್ ಮೇಲೆ ಸಾಮಾನು ಹೊರುವುದಕ್ಕೆ ಈಗ 'ಬೈಕ್‌ಪ್ಯಾಕಿಂಗ್' ಎಂಬ ಹೊಸ ಹೆಸರು ಬಂದಿದೆ. ಆದರೆ ಕೆಲಸ ಬಹಳ ಹಳೆಯದು. ಥಾಮಸ್ ಸ್ಟೀವನ್ಸ್ ಎಂಬಾತ 1884ರಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಿಂದ ಹೊರಟು, 1886ರ ಡಿಸೆಂಬರಿನಲ್ಲಿ ಜಪಾನಿನ ಯೊಕೊಹಾಮದಲ್ಲಿ ತನ್ನ ಭೂಪ್ರದಕ್ಷಿಣೆ ಮುಗಿಸಿದ. ಅವನದು ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರ ಇದ್ದ ಸೈಕಲ್. ನಮ್ಮ ದೇಶದ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲೂ ಅವನು ಓಡಿಸಿದ. ಹೊರಟಾಗ ಹ್ಯಾಂಡಲ್ ಚೀಲದಲ್ಲಿ ಇದ್ದದ್ದು ಕಾಲುಚೀಲ, ಇನ್ನೊಂದು ಅಂಗಿ, ಒಂದು ಪಿಸ್ತೂಲು ಮತ್ತು ಒಂದು ಮಳೆಯಂಗಿ. ಆ ಮಳೆಯಂಗಿಯೇ ರಾತ್ರಿ ಅವನಿಗೆ ಗುಡಾರ, ಅದೇ ಹಾಸಿಗೆ. ಒಂದು ವಸ್ತುವಿನಿಂದ ಮೂರು ಕೆಲಸ!

1897ರಲ್ಲಿ ಅಮೆರಿಕದ ಸೇನೆಯ ಇಪ್ಪತ್ತು ಮಂದಿ ಕಪ್ಪುವರ್ಣೀಯ ಸೈನಿಕರು ಮೊಂಟಾನಾದ ಫೋರ್ಟ್ ಮಿಸೌಲದಿಂದ ಸೇಂಟ್ ಲೂಯಿಸ್ ನಗರದವರೆಗೆ ಸುಮಾರು 3,000 ಕಿಲೋಮೀಟರ್ ದೂರವನ್ನು 41 ದಿನಗಳಲ್ಲಿ ಸೈಕಲ್ಲಿನಲ್ಲಿ ಕ್ರಮಿಸಿದರು. ಅವರ ಹಳೆಯ ಫೋಟೋಗಳಲ್ಲಿ ಹ್ಯಾಂಡಲ್ ಮೇಲೆ ಸುತ್ತಿ ಕಟ್ಟಿದ ಕಂಬಳಿ, ಫ್ರೇಮಿನ ಒಳಗೆ ತ್ರಿಕೋನಾಕಾರದ ಪೆಟ್ಟಿಗೆ ಸ್ಪಷ್ಟವಾಗಿ ಕಾಣುತ್ತವೆ. ನಮ್ಮವರೂ ಹಿಂದೆ ಬಿದ್ದಿಲ್ಲ. 1923ರಲ್ಲಿ ಮುಂಬಯಿಯಿಂದ ಹೊರಟ ಪಾರ್ಸಿ ತರುಣರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ ಈ ಮೂವರು ಸೈಕಲ್ಲಿನಲ್ಲಿ ಪ್ರಪಂಚ ಸುತ್ತಿ 1928ರಲ್ಲಿ ಮನೆಗೆ ಮರಳಿದರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹಾರ್ಟ್‌ಮುಟ್ ಓರ್ಟ್‌ಲೀಬ್ ಎಂಬ ಜರ್ಮನ್ ತರುಣನ ಕಥೆ. ಇಂಗ್ಲೆಂಡಿನಲ್ಲಿ ಸೈಕಲ್ ಪ್ರವಾಸ ಮಾಡುವಾಗ ಮಳೆಗೆ ಅವನ ಸಾಮಾನೆಲ್ಲ ತೊಯ್ದುಹೋಯಿತು. ಪಕ್ಕದಲ್ಲಿ ಹೋಗುತ್ತಿದ್ದ ಲಾರಿಗಳ ಸರಕು ಮಾತ್ರ ಟಾರ್ಪಾಲಿನ ಕೆಳಗೆ ಒಣಗಿತ್ತು. ಊರಿಗೆ ಬಂದವನೇ ಲಾರಿ ಟಾರ್ಪಾಲಿನಿಂದ ಅಮ್ಮನ ಹೊಲಿಗೆ ಯಂತ್ರದಲ್ಲಿ ಸೈಕಲ್ ಚೀಲ ಹೊಲಿದ. 1982ರಲ್ಲಿ ಅದೇ ಅವನ ಉದ್ಯಮವಾಯಿತು. ಈ ಕಥೆ ಕೇಳಿದ ಮೊಮ್ಮಗಳು ಅಟ್ಟದ ಕಡೆ ನೋಡಿದಳು. ಅಲ್ಲಿ ಅವಳ ಅಜ್ಜಿಯ ಕಾಲುಮೆಷಿನ್ ಹತ್ತು ವರ್ಷದಿಂದ ಮಲಗಿತ್ತು.

ಮೊದಲು ತೂಕ, ಆಮೇಲೆ ಚೀಲ

ಅಂಗಡಿಯಲ್ಲಿ ಈ ಬಗೆಯ ಚೀಲಗಳು ಸಿಗುತ್ತವೆ, ಒಳ್ಳೆಯವೂ ಹೌದು. ಆದರೆ ಮೂರು ಚೀಲದ ಬೆಲೆ ಕೂಡಿಸಿದರೆ ಮೊಮ್ಮಗಳ ಸೈಕಲ್ಲಿನ ಬೆಲೆಗೆ ಹತ್ತಿರ ಹೋಗುತ್ತಿತ್ತು. ಮನೆಯಲ್ಲೇ ಮಾಡುವುದೆಂದು ನಿಶ್ಚಯವಾಯಿತು.

ಚೀಲ ಹೊಲಿದು ಆಮೇಲೆ ಸಾಮಾನು ತುಂಬುವುದಲ್ಲ. ಸಾಮಾನು ತೂಗಿ ಆಮೇಲೆ ಚೀಲ ಅಳೆಯಬೇಕು. ಬೇಕೆನಿಸಿದ್ದನ್ನೆಲ್ಲ ಜಮಖಾನದ ಮೇಲೆ ಹರಡಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆವು. ಹದಿನಾಲ್ಕು ಕಿಲೋ! ಸ್ಟೀಲಿನ ಟಿಫಿನ್ ಕ್ಯಾರಿಯರ್, ಕೊಡೆ, ಮೂರನೇ ಮತ್ತು ನಾಲ್ಕನೇ ಜೊತೆ ಬಟ್ಟೆ, ಎರಡು ದಪ್ಪ ಪುಸ್ತಕ, ಒಂದು ಕೇರಂ ಬೋರ್ಡು (ಇದು ನನ್ನದಲ್ಲ) ಪಕ್ಕಕ್ಕೆ ಸರಿದವು. ಉಳಿದದ್ದು ಒಂಬತ್ತು ಕಿಲೋ. ಅದನ್ನು ಎರಡು ಖಾತೆ ಮಾಡಿದೆ.

ನನ್ನ ಖಾತೆ: ನೀರು ಎರಡು ಕಿಲೋ, ಪಂಪು-ಪಾನಾ-ಟ್ಯೂಬು-ಪಂಕ್ಚರ್ ಸಾಮಾನು 1,300 ಗ್ರಾಂ, ಬಟ್ಟೆ ಒಂದು ಕಿಲೋ, ಹೊದಿಕೆ 600 ಗ್ರಾಂ, ಮಳೆಯಂಗಿ 450, ತಿಂಡಿ 500, ಔಷಧಿ 150. ಒಟ್ಟು ಆರು ಕಿಲೋ.

ಅವಳ ಖಾತೆ: ನೀರು ಒಂದು ಕಿಲೋ, ಬಟ್ಟೆ ಒಂದು ಕಿಲೋ, ಹೊದಿಕೆ 600, ಮಳೆಯಂಗಿ 400. ಒಟ್ಟು ಮೂರು ಕಿಲೋ. ಖಾತೆ ತಾಳೆಯಾಯಿತು.

ಯಾವುದು ಎಲ್ಲಿ?

ಸೈಕಲ್ಲಿನಲ್ಲಿ ಸಾಮಾನಿಗೆ ಮೂರು ಮನೆಗಳಿವೆ. ಫ್ರೇಮಿನ ಮಧ್ಯದ ತ್ರಿಕೋನ ಮೊದಲನೆಯದು. ಎರಡು ಚಕ್ರಗಳ ನಡುವೆ, ನೆಲಕ್ಕೆ ಹತ್ತಿರವಿರುವ ಜಾಗ ಇದು. ನೀರು, ಪಾನಾ, ಪಂಪು ಮುಂತಾದ ಭಾರದ ವಸ್ತುಗಳೆಲ್ಲ ಇಲ್ಲಿಗೆ. ಭಾರ ಕೆಳಗೆ ಮತ್ತು ನಡುವೆ ಇದ್ದರೆ ಸೈಕಲ್ ಹೇಳಿದ ಮಾತು ಕೇಳುತ್ತದೆ.

ಎರಡನೆಯದು ಹ್ಯಾಂಡಲ್ಲಿನ ಮುಂಭಾಗ. ಇಲ್ಲಿ ಚೀಲ ತೂಗುಹಾಕುವುದಲ್ಲ. ಹೊದಿಕೆಯಂಥ ಹಗುರ ವಸ್ತುವನ್ನು ಸುರುಳಿ ಸುತ್ತಿ ಬಿಗಿಯಾಗಿ ಕಟ್ಟುವುದು. ಇಲ್ಲಿ ಭಾರ ಹೆಚ್ಚಾದರೆ ತಿರುವಿನಲ್ಲಿ ಹ್ಯಾಂಡಲ್ ಕೈಯನ್ನು ಎಳೆಯುತ್ತದೆ. ಸುರುಳಿ ಬ್ರೇಕಿನ ತಂತಿಯನ್ನು ಒತ್ತಬಾರದು. ಸುರುಳಿಗೂ ಟೈರಿಗೂ ನಡುವೆ ಕನಿಷ್ಠ ನಾಲ್ಕು ಬೆರಳು ಅಂತರವಿರಬೇಕು.

ಮೂರನೆಯದು ಸೀಟಿನ ಹಿಂಭಾಗ. ಸೀಟಿನ ಕಂಬಕ್ಕೂ ಸೀಟಿನ ಕೆಳಗಿನ ಕಂಬಿಗಳಿಗೂ ಕಟ್ಟಿದ, ಬಾಲದಂತೆ ಹಿಂದಕ್ಕೆ ಚಾಚುವ ಚೀಲ. ಬಟ್ಟೆಗೆ ಇದು ಹೇಳಿ ಮಾಡಿಸಿದ ಜಾಗ.

ಮೊಮ್ಮಗಳ ಸೈಕಲ್ಲಿಗೆ ಈ ಮೂರೂ ಬೇಕಾದವು. ನನ್ನ ಹಳೆಯ ಕಪ್ಪು ಸೈಕಲ್ಲಿಗೆ ಕ್ಯಾರಿಯರ್ ಇದೆ. ಹಾಗಾಗಿ ತ್ರಿಕೋನಕ್ಕೊಂದು ಚೀಲ, ಕ್ಯಾರಿಯರಿನ ಎರಡೂ ಬದಿಗೆ ಇಳಿಬೀಳುವ ಜೋಡಿ ಚೀಲ ಸಾಕಾಯಿತು. ಜೋಡಿ ಚೀಲವನ್ನು ಕ್ಯಾರಿಯರಿನ ಹಿಂತುದಿಗೆ ಸರಿಸಿ ಕಟ್ಟಬೇಕು. ಇಲ್ಲದಿದ್ದರೆ ಪೆಡಲ್ ತುಳಿಯುವಾಗ ಹಿಮ್ಮಡಿ ತಾಗುತ್ತದೆ.

ಫ್ಲೆಕ್ಸು, ಜೀನ್ಸು, ರಟ್ಟು

ಬಟ್ಟೆಗಾಗಿ ನಾವು ಅಂಗಡಿಗೆ ಹೋಗಲಿಲ್ಲ. ನಮ್ಮ ಬೀದಿಯಲ್ಲಿ ಯಾರದೋ ಹುಟ್ಟುಹಬ್ಬದ ಶುಭಾಶಯ ಕೋರುತ್ತಿದ್ದ ಫ್ಲೆಕ್ಸ್ ಬ್ಯಾನರೊಂದು ಹಬ್ಬ ಮುಗಿದು ಮೂಲೆ ಸೇರಿತ್ತು. ಕೇಳಿ ಪಡೆದೆವು. ಅದು ನೂಲಿನ ಬಲೆಯ ಮೇಲೆ ಪ್ಲಾಸ್ಟಿಕ್ ಲೇಪಿಸಿದ ಹಾಳೆ, ನೀರು ಹಾಯುವುದಿಲ್ಲ. ಲಾರಿ ಟಾರ್ಪಾಲಿನಷ್ಟು ಗಟ್ಟಿಯಲ್ಲ, ಬಿಸಿಲಿಗೆ ಕೆಲವು ಕಾಲದಲ್ಲಿ ಬಿರಿಯುತ್ತದೆ. ಆದರೆ ಕಲಿಯುವ ಕೈಗೆ ಚೆನ್ನ. ಮೊಮ್ಮಗಳ ಮೂರೂ ಚೀಲ ಇದರದೇ. ಚಿತ್ರ ಒಳಮುಖವಾಗಿರಲೆಂದು ತಿರುಗಿಸಿ ಹೊಲಿದೆವು. ಈಗಲೂ ಬಟ್ಟೆ ತೆಗೆಯಲು ಕೈ ಹಾಕಿದರೆ ಮುಖಂಡರೊಬ್ಬರು ಒಳಗಿನಿಂದ ಕೈ ಮುಗಿಯುತ್ತಾರೆ.

ನನ್ನ ಜೋಡಿ ಚೀಲಕ್ಕೆ ಅಳಿಯನ ಹಳೆಯ ಜೀನ್ಸ್ ಪ್ಯಾಂಟು. ಒಳಗೆ ಫ್ಲೆಕ್ಸಿನ ಅಸ್ತರು.

ಅಳತೆಗೆ ರಟ್ಟು ಬೇಕು. ಸೈಕಲನ್ನು ಗೋಡೆಗೆ ಒರಗಿಸಿ, ತ್ರಿಕೋನದ ಹಿಂದೆ ರಟ್ಟು ಹಿಡಿದು, ಫ್ರೇಮಿನ ಒಳಅಂಚಿನ ಗೆರೆ ಎಳೆಯಿರಿ. ಆ ಗೆರೆಯಿಂದ ಸುತ್ತಲೂ ಒಂದು ಸೆಂಟಿಮೀಟರ್ ಒಳಗೆ ಕತ್ತರಿಸಿದರೆ ಅದೇ ಚೀಲದ ಆಕಾರ. ಬಟ್ಟೆ ಕತ್ತರಿಸುವಾಗ ಹೊಲಿಗೆಗಾಗಿ ಒಂದು ಸೆಂಟಿಮೀಟರ್ ಹೊರಗೆ ಬಿಡಿ. ಚೀಲದ ದಪ್ಪ ಐದಾರು ಸೆಂಟಿಮೀಟರ್ ಮೀರಬಾರದು. ಮೀರಿದರೆ ಪ್ರತಿ ತುಳಿತಕ್ಕೂ ಮೊಣಕಾಲು ಉಜ್ಜುತ್ತದೆ. ಐವತ್ತು ಕಿಲೋಮೀಟರಿನಲ್ಲಿ ಎಷ್ಟು ತುಳಿತ ಎಂದು ಮಕ್ಕಳೇ ಲೆಕ್ಕ ಹಾಕಲಿ.

ಹತ್ತಿ ದಾರ ಬೇಡ, ಪಾಲಿಯೆಸ್ಟರ್ ದಾರ ಇರಲಿ. ಹತ್ತಿ ನೆನೆದು ನೆನೆದು ಕೊಳೆಯುತ್ತದೆ. ಮನೆಯ ಮೆಷಿನ್ನಿಗೆ ಹದಿನೆಂಟನೇ ನಂಬರಿನ ಸೂಜಿ ಹಾಕಿದರೆ ಎರಡು ಪದರ ಸಲೀಸಾಗಿ ಹೊಲಿಯುತ್ತದೆ. ನಾಲ್ಕು ಪದರ ಸೇರುವ ಜಾಗಗಳಿಗೆ ನಾವು ಸ್ಕೂಟರ್ ಸೀಟ್ ಕವರ್ ಹೊಲಿಯುವ ಅಂಗಡಿಯ ಸಾಹೇಬರ ಬಳಿ ಹೋದೆವು. ಅವರು ಮೊಮ್ಮಗಳಿಗೆ ಒಂದು ಪಾಠ ಹೇಳಿದರು. "ನೋಡಮ್ಮ, ಚೀಲ ಹರಿಯೋದು ಬಟ್ಟೇಲಿ ಅಲ್ಲ, ಪಟ್ಟಿ ಸೇರೋ ಜಾಗದಲ್ಲಿ. ಅಲ್ಲಿ ಒಂದು ಗೆರೆ ಹೊಲಿದ್ರೆ ಸಾಲದು. ಚೌಕ ಹೊಲೀಬೇಕು, ಚೌಕದೊಳಗೆ ಗುಣಾಕಾರದ ಗುರುತು ಹೊಲೀಬೇಕು. ಆಗ ಎಳೆತ ನಾಲ್ಕು ಕಡೆಗೂ ಹಂಚಿಹೋಗುತ್ತೆ." ನಂತರ ನೈಲಾನ್ ಪಟ್ಟಿಯ ತುದಿಯನ್ನು ಮೇಣದಬತ್ತಿಗೆ ಹಿಡಿದು ಕರಗಿಸಿದರು, ಹಾಗೆ ಮಾಡಿದರೆ ನೂಲು ಬಿಚ್ಚಿಕೊಳ್ಳುವುದಿಲ್ಲ. ಈ ಕೆಲಸ ದೊಡ್ಡವರೇ ಮಾಡಬೇಕು, ಮಕ್ಕಳು ನೋಡಬೇಕು. ಹಣ ಕೊಡಲು ಹೋದರೆ ದಾರದ ದುಡ್ಡು ಮಾತ್ರ ತೆಗೆದುಕೊಂಡರು.

ಬಾಲದ ಚೀಲಕ್ಕೆ ಜಿಪ್ ಇಡಲಿಲ್ಲ. ಬಾಯನ್ನು ಮೂರು ಸುತ್ತು ಮಡಿಸಿ ಬಕಲ್ ಹಾಕಿದರೆ ನೀರು ಒಳಗೆ ಹೋಗುವುದಿಲ್ಲ. ಸಾಮಾನು ಕಡಿಮೆಯಿದ್ದರೆ ಐದು ಸುತ್ತು ಮಡಿಸಬಹುದು. ಉಳಿದ ಪಟ್ಟಿಯ ತುದಿಗಳನ್ನೆಲ್ಲ ಸುತ್ತಿ ಒಳಗೆ ಸಿಕ್ಕಿಸಿದೆವು. ಚಕ್ರದ ಕಡೆಗೆ ಒಂದು ದಾರವೂ ಇಳಿಬೀಳಬಾರದು ಎಂಬುದೇ ನಮ್ಮ ಮನೆಯ ಕಾನೂನು.

ಪಾಂಡವಪುರದ ಪರೀಕ್ಷೆ

ಬೆಳಗಿನ ಐದೂವರೆಗೆ ಹೊರಟೆವು. ದಸರಾ ಜನಜಂಗುಳಿ ಕರಗಿ ಮೈಸೂರು ನಿದ್ದೆಯಲ್ಲಿತ್ತು. ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆ ಹಿಡಿದು ಶ್ರೀರಂಗಪಟ್ಟಣ ತಲುಪಿದಾಗ ಕಾವೇರಿಯ ಮೇಲೆ ಮಂಜು. ಉತ್ತರದ ಕವಲಿಗೆ ಅಡ್ಡಲಾಗಿ 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳನ್ನು ನೋಡುತ್ತ ಮೊದಲ ನೀರು ಕುಡಿದೆವು. ಕುಡಿದ ನೀರೂ ತೂಕದ ಖಾತೆಯಲ್ಲಿ ಖರ್ಚು ಎಂದು ಮೊಮ್ಮಗಳು ನೆನಪಿಸಿದಳು.

ಅಲ್ಲಿಂದ ಮುಂದೆ ಎರಡೂ ಕಡೆ ಭತ್ತ, ಕಬ್ಬು. ಇದೆಲ್ಲ ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯ ಕೃಪೆ. ಹಿಂದೆ ಇದನ್ನು ಇರ್ವಿನ್ ನಾಲೆ ಎನ್ನುತ್ತಿದ್ದರು. ಗಾಳಿಯಲ್ಲಿ ಆಲೆಮನೆಯ ಬೆಲ್ಲದ ವಾಸನೆ. ಆದರೆ ನನ್ನ ಕಣ್ಣು ಮುಂದೆ ಹೋಗುತ್ತಿದ್ದ ಮೊಮ್ಮಗಳ ಬಾಲದ ಚೀಲದ ಮೇಲೆಯೇ. ಅದು ಮೆಲ್ಲಗೆ ಎಡಕ್ಕೆ ಬಲಕ್ಕೆ ತೂಗಲು ಶುರುಮಾಡಿತ್ತು.

ಪಾಂಡವಪುರದ ಹಿಂದೆ ಕುಂತಿಬೆಟ್ಟದ ಬಂಡೆಗಳು ಎದ್ದು ನಿಂತಿದ್ದವು. ಪಾಂಡವರು ವನವಾಸದಲ್ಲಿ ಇಲ್ಲಿದ್ದರೆಂಬ ಐತಿಹ್ಯದಿಂದ ಊರಿಗೆ ಈ ಹೆಸರು. ಹೈದರ್ ಮತ್ತು ಟಿಪ್ಪುವಿನ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಬ್ರಿಟಿಷರು ಇದನ್ನು ಫ್ರೆಂಚ್ ರಾಕ್ಸ್ ಎನ್ನುತ್ತಿದ್ದರು. ಹೋಟೆಲಿನ ಮುಂದೆ ನಿಲ್ಲಿಸಿ ಇಳಿದಾಗ ಮೊಮ್ಮಗಳ ಮುಖ ಸಣ್ಣಗಾಗಿತ್ತು. "ತಾತ, ಇದು ಸಡಿಲವಾದ ಹಾಗಾ?" ಎಂದಳು. ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡಿದಳು. ಎಲ್ಲ ಬಿಗಿಯಾಗಿದ್ದವು. ಮತ್ತೇಕೆ ತೂಗುತ್ತಿದೆ?

ಚೀಲ ಬಿಚ್ಚಿದಾಗ ಉತ್ತರ ಸಿಕ್ಕಿತು. ದಾರಿಯ ಕುಲುಕಾಟಕ್ಕೆ ಬಟ್ಟೆ ಕುಸಿದು, ಭಾರದ ಜೀನ್ಸ್ ಪ್ಯಾಂಟು ಬಾಲದ ತುದಿಗೆ ಸರಿದಿತ್ತು. ಸೀಸಾ ಆಟದಲ್ಲಿ ತುದಿಯಲ್ಲಿ ಕುಳಿತ ಸಣ್ಣ ಹುಡುಗನೂ ನಡುವೆ ಕುಳಿತ ದೊಡ್ಡವನನ್ನು ಎತ್ತುತ್ತಾನಲ್ಲ, ಅದೇ ನ್ಯಾಯ. ಭಾರ ಸೀಟಿನ ಕಂಬದಿಂದ ದೂರವಾದಷ್ಟೂ ತೂಗಾಟ ಹೆಚ್ಚು. ಪ್ಯಾಂಟನ್ನು ಕಂಬಕ್ಕೆ ತಾಗುವಂತೆ ಒಳಗೆ ಒತ್ತಿ, ಹಗುರದ ಅಂಗಿಗಳನ್ನು ತುದಿಗೆ ಹಾಕಿ, ಗಾಳಿ ಹೊರಡಿಸಿ, ನಾಲ್ಕು ಸುತ್ತು ಮಡಿಸಿ ಬಿಗಿದಳು.

ನಂತರ ಅವಳೇ ಅಮ್ಮನಿಗೆ ವಿಡಿಯೋ ಕರೆ ಮಾಡಿದಳು. ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ನನಗೆ ಎದೆ ಢವಢವ. ಇಡ್ಲಿ ತಣ್ಣಗಾಗುತ್ತಿತ್ತು. ಆ ಕಡೆಯಿಂದ ಮಗಳು "ಸೈಕಲ್ ಹಿಡಿದು ಜೋರಾಗಿ ಅಲ್ಲಾಡಿಸು" ಎಂದಳು. ಅಲ್ಲಾಡಿಸಿದಳು. ಸೈಕಲ್ ಅಲ್ಲಾಡಿತು, ಚೀಲ ಸೈಕಲ್ಲಿನ ಅಂಗವೇ ಎಂಬಂತೆ ಜೊತೆಯಲ್ಲೇ ಅಲ್ಲಾಡಿತು. ಮಗಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಏನು ತೊಂದರೆ ಅಂತ ನೀನೇ ಕಂಡುಹಿಡಿದೆಯಾ?" ಎಂದು ಕೇಳಿದಳು. "ಹೂಂ." "ಸರಿ, ಹೋಗಿ ಬನ್ನಿ. ತಾತನಿಗೆ ಮಾತ್ರೆ ಕೊಡು."

ಮಳೆಯ ಪರೀಕ್ಷೆ

ಕೆರೆ ತೊಣ್ಣೂರಿನ ವಿಶಾಲವಾದ ಕೆರೆಯ ಏರಿಯ ಮೇಲೆ ಕುಳಿತು ಅವಲಕ್ಕಿ ತಿಂದೆವು. ರಾಮಾನುಜಾಚಾರ್ಯರು ಮೇಲುಕೋಟೆಗೆ ಹೋಗುವ ಮೊದಲು ಇಲ್ಲಿ ನೆಲೆಸಿದ್ದರೆಂದು ಪರಂಪರೆ ಹೇಳುತ್ತದೆ. ಜಕ್ಕನಹಳ್ಳಿ ದಾಟಿದ ಮೇಲೆ ಏರು ದಾರಿ. ಮೊಮ್ಮಗಳು ಗೇರು ಬದಲಿಸಿ ಹತ್ತಿದಳು. ನಾನು ಇಳಿದು ತಳ್ಳಿದೆ. ಅರ್ಧ ದಾರಿಯಲ್ಲಿ ಮಳೆ ಹಿಡಿದುಕೊಂಡಿತು. ಮಳೆಯಂಗಿಗಳು ಮೇಲೆಯೇ ಇದ್ದುದರಿಂದ ತಕ್ಷಣ ಸಿಕ್ಕವು. ಇದೂ ಒಂದು ಪಾಠ: ಬೇಗ ಬೇಕಾಗುವುದು ಬಾಯಿಯ ಹತ್ತಿರ ಇರಬೇಕು.

ಛತ್ರ ಸೇರಿ ಚೀಲ ಬಿಚ್ಚಿದೆವು. ಅವಳ ಬಟ್ಟೆ ಇಸ್ತ್ರಿ ಪೆಟ್ಟಿಗೆಯಿಂದ ತೆಗೆದಂತೆ ಒಣಗಿತ್ತು. ನನ್ನ ಜೋಡಿ ಚೀಲದ ಹೊರಗಿನ ಜೀನ್ಸು ತೊಯ್ದು ತೊಪ್ಪೆಯಾಗಿದ್ದರೂ ಒಳಗೆ ಔಷಧಿ, ಪಂಚೆ ಕ್ಷೇಮ. ಒಂದು ಮೂಲೆಯಲ್ಲಿ ಮಾತ್ರ ಟವೆಲ್ಲಿನ ಅಂಚು ನೆನೆದಿತ್ತು. ಮೊಮ್ಮಗಳು ಬೆರಳಿಟ್ಟು ಹುಡುಕಿದಳು. ಪಟ್ಟಿಯ ಹೊಲಿಗೆ ಅಸ್ತರಿನವರೆಗೂ ಹೋಗಿದ್ದ ಜಾಗ ಅದು. ಸೂಜಿ ಹೋದ ದಾರಿಯಲ್ಲೇ ನೀರೂ ಬರುತ್ತದೆ. ಇಂಗ್ಲೆಂಡಿನ ಹಳೆಯ ಮೇಣಗಟ್ಟಿದ ಹತ್ತಿ ಚೀಲಗಳಲ್ಲಿ ಈ ತೊಂದರೆ ಕಡಿಮೆ; ಹತ್ತಿ ನೆನೆದಾಗ ಉಬ್ಬಿ ಸೂಜಿಯ ತೂತನ್ನು ತಾನೇ ಮುಚ್ಚಿಕೊಳ್ಳುತ್ತದೆ. ಫ್ಲೆಕ್ಸು ಉಬ್ಬುವುದಿಲ್ಲ. ಆದ್ದರಿಂದ ಪಟ್ಟಿಗಳನ್ನು ಹೊರಗಿನ ಬಟ್ಟೆಗೆ ಮೊದಲೇ ಹೊಲಿದು, ಅಸ್ತರನ್ನು ಆಮೇಲೆ ಇಳಿಬಿಡಬೇಕು.

ಮಳೆ ನಿಂತ ಮೇಲೆ ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತೆವು. ಮೇಲೆ ಬೆಟ್ಟದಲ್ಲಿ ಯೋಗನರಸಿಂಹ, ಕೆಳಗೆ ಊರಿನಲ್ಲಿ ಚೆಲುವನಾರಾಯಣ. ಪುಳಿಯೋಗರೆ ಬಿಸಿಯಾಗಿತ್ತು. ಅಕ್ಕ-ತಂಗಿ ಕೊಳ, ಮುಗಿಯದೆ ನಿಂತ ರಾಯಗೋಪುರದ ಎತ್ತರದ ಕಂಬಗಳು ಎಲ್ಲವನ್ನೂ ನಡೆದೇ ನೋಡಿದೆವು. ಸುತ್ತಲಿನ ಕುರುಚಲು ಕಾಡು ತೋಳಗಳ ರಕ್ಷಣೆಗಾಗಿ 1974ರಲ್ಲಿ ವನ್ಯಧಾಮವಾಯಿತೆಂದು ಹೇಳಿದ್ದೇ ತಡ, ಮೊಮ್ಮಗಳು ಕತ್ತಲಾಗುವ ಮೊದಲೇ ಛತ್ರಕ್ಕೆ ಹೋಗೋಣವೆಂದಳು. ಮರುದಿನ ಇಳಿಜಾರಿನಲ್ಲಿ ಬ್ರೇಕು ಹಿಡಿದು ಇಳಿದು, ಮಧ್ಯಾಹ್ನದ ಹೊತ್ತಿಗೆ ಮೈಸೂರು ಮುಟ್ಟಿದೆವು.

ಅಜ್ಜ-ಅಜ್ಜಿಯರೇ, ನಿಮ್ಮ ಅಟ್ಟದಲ್ಲೂ ಒಂದು ಹೊಲಿಗೆ ಯಂತ್ರ ಇದ್ದೀತು. ಕೆಳಗಿಳಿಸಿ, ಎಣ್ಣೆ ಬಿಡಿ. ಮೊದಲ ಪ್ರವಾಸ ಹತ್ತು ಕಿಲೋಮೀಟರ್ ದೂರದ ಕೆರೆಯವರೆಗಾದರೂ ಸಾಕು. ಮಕ್ಕಳೇ, ಹೊರಡುವ ಮುನ್ನ ತುಂಬಿದ ಸೈಕಲನ್ನು ನಿಮ್ಮ ಬೀದಿಯಲ್ಲೇ ನಾಲ್ಕು ಸುತ್ತು ಓಡಿಸಿ, ಜೋರಾಗಿ ಅಲ್ಲಾಡಿಸಿ ನೋಡಿ. ಐದು ಕಿಲೋಮೀಟರಿಗೊಮ್ಮೆ ಇಳಿದು ಪಟ್ಟಿಗಳನ್ನು ಮುಟ್ಟಿ ನೋಡಿ. ಮೊಮ್ಮಗಳು ಈಗ ಪಕ್ಕದ ಮನೆಯ ಗೆಳತಿಯ ಸೈಕಲ್ಲಿಗೆ ರಟ್ಟು ಹಿಡಿದು ಗೆರೆ ಎಳೆಯುತ್ತಿದ್ದಾಳೆ. ಫ್ಲೆಕ್ಸ್ ಬೇಕಂತೆ. ಬೀದಿಯಲ್ಲಿ ಮುಂದಿನ ಹುಟ್ಟುಹಬ್ಬ ಯಾರದು ಎಂದು ವಿಚಾರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ.